ಬುಡದ ಚಿಗುರು

ಮಾಳವಿಕಾ ಆನ್ ಆರ್ಬರ್‌ನ ವಿಶ್ವವಿದ್ಯಾಲಯದಿಂದ ಕೆಲಸಕ್ಕೆ ಬಂದ ಮೊದಲ ವಾರವೇ ನಮ್ಮ ಕ್ಯುರೇಟರ್ ಗ್ರೆಗ್ ಅವಳನ್ನು ‘ಲಿಂಡನ್ ಎಕ್ಸ್‌ಪರ್ಟ್’ ಎಂದು ಕರೆದ. ಈ ವೃಕ್ಷೋದ್ಯಾನದಲ್ಲಿ ಹನ್ನೊಂದು ವರ್ಷ ಲಿಂಡನ್ ಮರಗಳನ್ನು ಒಂದೊಂದಾಗಿ ಕೂಡಿಸಿದವಳು ನಾನು. ಅರವತ್ತೆರಡು ಮರ. ನನ್ನನ್ನು ಅವನು ಇವತ್ತಿಗೂ ಕರೆಯುವುದು ‘ನಮ್ಮ ಆಶಾ’ ಎಂದೇ. ಆಶಾರಾಣಿ ಎಂಬ ಪೂರ್ತಿ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ.

ಹುಡುಗಿ ಕೆಟ್ಟವಳಾಗಿದ್ದರೆ ಸುಲಭವಾಗುತ್ತಿತ್ತು. ಪಕ್ಕದೂರು ಲೆಮಾಂಟ್‌ನ ದೇವಸ್ಥಾನದಲ್ಲಿ ಸಿಕ್ಕರೆ ಬಗ್ಗಿ ನಮಸ್ಕಾರ ಮಾಡುತ್ತಾಳೆ. ನನ್ನ ಡಬ್ಬಿಯ ಪುಳಿಯೋಗರೆಯನ್ನು ಕೇಳಿ ಹಾಕಿಸಿಕೊಳ್ಳುತ್ತಾಳೆ.

ಜೂನ್‌ನಲ್ಲಿ ಅವಳು ಪ್ರತಿ ಮರದ ಎಲೆಯನ್ನೂ ಡಿಎನ್‌ಎ ಪರೀಕ್ಷೆಗೆ ಕೀಳತೊಡಗಿದಳು. ನಲವತ್ತೊಂದನೇ ಮರದ ಹತ್ತಿರ ನಾನು ಏಣಿ ಬೇಕೇ ಎಂದೆ.

“ಲ್ಯಾಡರ್ ಯಾಕೆ ಆಂಟಿ? ಕೈಗೆ ಸಿಗೋ ಎಲೇನೇ ಸಾಕು. ಒಂದೇ ಮರ, ಒಂದೇ ಡಿಎನ್‌ಎ!” ಎಂದು ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಎರಡು ಎಲೆ ಕಿತ್ತಳು.

ಅದು ಒಂದೇ ಮರವಲ್ಲ. ಚೀನಾದ ಬೆಟ್ಟದಿಂದ ಬಂದ ಅಪರೂಪದ ಲಿಂಡನ್ ಕಡ್ಡಿಯನ್ನು, ಇಲ್ಲಿ ಬೀದಿಬದಿ ಬೆಳೆಯುವ ಸಾಮಾನ್ಯ ಲಿಂಡನ್ ಸಸಿಗೆ ನಾನೇ ಕಸಿ ಕಟ್ಟಿದ್ದೆ. ಕಸಿಯ ಗಂಟಿನ ಕೆಳಗೆ ಒಡೆಯುವ ಚಿಗುರು ಬೀದಿಮರದ್ದು. ಅವಳು ಕಿತ್ತದ್ದು ಅದನ್ನೇ.

ಹೇಳಬೇಕಿತ್ತು. ಹೇಳಲಿಲ್ಲ.

ಅಜ್ಜ ಕಾವ್ಯ ಓದುವುದನ್ನು ಕೇಳುತ್ತ ಬೆಳೆದವಳು ನಾನು. ಓದುವವರು ಎಡವಿದರೂ ಪದ್ಯ ಮುಗಿಯುವ ತನಕ ಕೇಳುವವರು ತುಟಿ ಬಿಚ್ಚಬಾರದು, ಅದು ನಮ್ಮ ಮನೆಯ ನೇಮ. ಆ ನೇಮ ಪಾಲಿಸಿದೆ ಎಂದು ಅಂದು ಸಂಜೆ ದೀಪ ಹಚ್ಚುವಾಗ ದೇವರಿಗೆ ಒಪ್ಪಿಸಿದೆ. ದೇವರು ಒಪ್ಪಿದಂತೆ ಕಾಣಲಿಲ್ಲ. ನನಗೆ ಬೇಕಾಗಿದ್ದದ್ದು ಬೇರೆ: ಅವಳು ತಪ್ಪನ್ನು ಎಲ್ಲರೆದುರು ಓದಲಿ, ಆಮೇಲೆ ನಾನು ತಿದ್ದುತ್ತೇನೆ.

ಆಗಸ್ಟ್‌ನ ಸಭೆಯಲ್ಲಿ ಓದಿದಳು. ನಲವತ್ತೊಂದು ಬರೀ ಬೀದಿಯ ಲಿಂಡನ್, ಲೇಬಲ್ ತಪ್ಪು. ಗ್ರೆಗ್ ನಕ್ಷೆಯ ಮೇಲೆ ಕೆಂಪು ಗೆರೆ ಎಳೆದ. ಜಾಗ ಸಾಲದು, ಗುರುವಾರ ಗರಗಸದವರು ಹೇಗೂ ಬರುತ್ತಾರೆ ಎಂದ.

ಗರಗಸದ ಯೋಚನೆ ನನಗೆ ಬಂದಿರಲೇ ಇಲ್ಲ.

“ಸಾರಿ ಆಂಟಿ,” ಮಾಳವಿಕಾ ನನ್ನ ಕಡೆ ಬಾಗಿ ಪಿಸುಗುಟ್ಟಿದಳು. “ನಿಮ್ ಫೇವರಿಟ್ ಅಂತ ಗೊತ್ತು. ಅದಕ್ಕೇ ಎರಡು ಸಲ ಟೆಸ್ಟ್ ಮಾಡ್ದೆ.”

ಅವಳ ಸ್ಲೈಡುಗಳು ಇನ್ನೂ ಮುಗಿದಿರಲಿಲ್ಲ. ನಾನು ನಡುವೆ ಬಾಯಿ ಹಾಕಿದೆ, ಅದೂ ಕನ್ನಡದಲ್ಲಿ.

“ಅದು ಕಸಿ ಮರ ಕಣೇ. ನೀನು ಕಿತ್ತಿದ್ದು ಬುಡದ ಚಿಗುರು.”

“ವಾಟ್? ಮರದ ರೆಕಾರ್ಡ್ ಕಾರ್ಡಲ್ಲಿ ಗ್ರಾಫ್ಟೆಡ್ ಅಂತ ಇಲ್ವಲ್ಲ!”

“ನಾನು ಬರೆದಿಲ್ಲ.”

“ಯಾಕೆ?”

ಹೊಸದಾಗಿ ಬಂದವರು ನನ್ನನ್ನೇ ಕೇಳಲಿ ಅಂತ ಬರೆದಿರಲಿಲ್ಲ.

“ನಾನು ಎಲೆ ಕೀಳ್ವಾಗ ಪಕ್ಕದಲ್ಲೇ ಇದ್ರಲ್ಲ. ನೋಡಿದ್ರಾ?”

“ನೋಡ್ದೆ.”

ಗ್ರೆಗ್ ನಮ್ಮಿಬ್ಬರ ಮುಖ ನೋಡುತ್ತಿದ್ದ. ಮಾಳವಿಕಾ ಅವನಿಗೆ ಇಂಗ್ಲಿಷ್‌ನಲ್ಲಿ ತಿಳಿಸಿದಳು: ಮರ ಕಸಿಯದು, ಎಲೆ ಕಿತ್ತ ಜಾಗ ತಪ್ಪು, ತಪ್ಪು ತನ್ನದು. ನನ್ನ ಕೊನೆಯ ಮಾತನ್ನು ಮಾತ್ರ ಅನುವಾದಿಸಲಿಲ್ಲ. ಅವಳು ನನ್ನನ್ನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಈಗ ಲ್ಯಾಡರ್ ತನ್ನಿ ಆಂಟಿ,” ಎಂದಳು. ನಗಲಿಲ್ಲ.

ನಲವತ್ತೊಂದನೇ ಮರಕ್ಕೆ ಏಣಿ ಒರಗಿಸಿದ್ದೇ ಸರಸರನೆ ಹತ್ತಿದಳು. ನಾನು ಕೆಳಗೆ ಏಣಿ ಹಿಡಿದು ನಿಂತೆ.

“ಬಿಡಲ್ಲ ತಾನೆ?” ಮೇಲಿಂದ ಕೇಳಿದಳು.

“ಇಲ್ಲ. ಹಿಡ್ಕೊಂಡಿದೀನಿ.”

ತುದಿಯ ಕೊಂಬೆಯನ್ನು ಅವಳು ಬಗ್ಗಿಸಿದಳು. ಹನ್ನೊಂದು ವರ್ಷದಲ್ಲಿ ಅಷ್ಟು ಎತ್ತರದ ಎಲೆಯನ್ನು ನಾನು ಒಮ್ಮೆಯೂ ಮುಟ್ಟಿರಲಿಲ್ಲ. ಏಣಿಯನ್ನು ಇನ್ನೂ ಬಿಗಿಯಾಗಿ ಹಿಡಿದೆ.