ಮೂರನೆಯ ಒತ್ತಾಯ

ನನಗೆ ಆ ಕೆಲಸ ಬೇಕಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಗಲೂ ಹೇಳಿದ್ದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

೨೦೦೮ರಲ್ಲಿ ಸವದತ್ತಿಯ ನಮ್ಮ ಕಾಲೇಜಿಗೆ ಬ್ರಾಡ್‌ಬ್ಯಾಂಡ್ ಬಂತು. ಅದರ ಬೆನ್ನಿಗೇ ಫಿನ್‌ಲ್ಯಾಂಡಿನ ಒಂದು ವಿಶ್ವವಿದ್ಯಾಲಯದಿಂದ ಪ್ರಸ್ತಾಪವೊಂದು ಬಂತು. ನಮ್ಮ ಬಿ.ಕಾಂ. ಹುಡುಗರು, ಅವರ ಹುಡುಗರು ಕಂಪ್ಯೂಟರಿನಲ್ಲೇ ಭೇಟಿಯಾಗಿ, ಒಂದೇ ತಂಡವಾಗಿ ಒಂದು ಕೆಲಸ ಮಾಡಿ ಮುಗಿಸಬೇಕು. ನಾಳೆ ಬೇರೆ ದೇಶದವರ ಜೊತೆ ಕೂತಲ್ಲಿಂದಲೇ ದುಡಿಯುವ ಪ್ರಸಂಗ ಬಂದರೆ ಹುಡುಗರು ತಯಾರಿರಬೇಕಂತೆ.

"ನೀವ ನಡಸರಿ ಇದನ್ನ," ಎಂದರು ಪ್ರಿನ್ಸಿಪಾಲರು.

"ಬ್ಯಾಡ್ರಿ ಸರ." ಮನಸಾರೆ ಅಂದೆ.

"ಹಂಗಂದ್ರ ಹೆಂಗ್ರಿ? ನೀವ ಆಗಬೇಕು."

"ಖರೇನ ಬ್ಯಾಡ್ರಿ."

"ಭಾಳ ಸಂಕೋಚದ ಮನಷ್ಯಾರ ನೀವು," ಎಂದು ನಕ್ಕು ನನ್ನ ಹೆಸರು ಬರೆದೇಬಿಟ್ಟರು.

ನಮ್ಮ ಕಡೆ ಬೇಡ ಅಂದರೆ ಬೇಡ ಎಂದು ತಿಳಿಯುವ ಪದ್ಧತಿಯೇ ಇಲ್ಲ. ಮೊದಲ ಸಲದ ಬೇಡ ಮರ್ಯಾದೆಗೆ. ಎರಡನೆಯದು ಎದುರಿನವರ ಮನಸ್ಸು ನೋಡುವುದಕ್ಕೆ. ಮೂರನೆಯ ಸಲ ಒತ್ತಾಯ ಮಾಡಿದಾಗ, "ಇಷ್ಟ ಅಂತೀರಿ ಅಂದ ಮ್ಯಾಲ..." ಎಂದು ಒಪ್ಪಿಕೊಳ್ಳಬೇಕು. ಮೊದಲ ಸಲಕ್ಕೇ ಹೂಂ ಅಂದವನನ್ನು ಉಪವಾಸದ ಮನೆಯಿಂದ ಎದ್ದುಬಂದವನಂತೆ ನೋಡುತ್ತಾರೆ. ನಿಜಕ್ಕೂ ಬೇಡವಾದ ನನ್ನಂಥವನು ಏನು ಮಾಡಬೇಕು ಎಂಬುದಕ್ಕೆ ಈ ಪದ್ಧತಿಯಲ್ಲಿ ದಾರಿಯಿಲ್ಲ.

ಕೆಲಸವೇನೋ ಸರಳವಾಗಿತ್ತು. ನಮ್ಮ ಭಾಗದ ಬೆಲ್ಲವನ್ನು ಫಿನ್‌ಲ್ಯಾಂಡಿನ ಅಂಗಡಿಗಳಲ್ಲಿ ಹೇಗೆ ಮಾರಬಹುದು ಎಂದು ಎರಡೂ ಕಡೆಯವರು ಕೂಡಿ ಯೋಜನೆ ಮಾಡಬೇಕು. ಕೊನೆಯ ದಿನ ಒಬ್ಬರು ಎಲ್ಲರ ಪರವಾಗಿ ಅದನ್ನು ಮಂಡಿಸಬೇಕು. ನಮ್ಮ ಕಡೆ ಬೆಲ್ಲ ಬಲ್ಲವಳೆಂದರೆ ನಾಗರತ್ನಾ. ಅವಳಪ್ಪ ಗಂಗಯ್ಯನವರಿಗೆ ಯರಗಟ್ಟಿಯಲ್ಲಿ ಬೆಲ್ಲದ ಅಂಗಡಿ. ಇಂಗ್ಲಿಷ್ ಕೂಡ ಅವಳದೇ ಚೆನ್ನಾಗಿತ್ತು. ಅವಳ ಪಕ್ಕ ಕೂರುತ್ತಿದ್ದವನು ಸುರೇಬಾನದ ಸಚಿನ. ಅವನ ಇಂಗ್ಲಿಷ್ ಯೆಸ್, ಓಕೆ, ಥ್ಯಾಂಕ್ಯೂಗಳಿಗೆ ಮುಗಿಯುತ್ತಿತ್ತು, ಧೈರ್ಯಕ್ಕೆ ಮಾತ್ರ ಕೊನೆಯಿರಲಿಲ್ಲ.

ನಾಗರತ್ನಾಳಿಗೆ ಧಾರವಾಡಕ್ಕೆ ಹೋಗಿ ಎಂ.ಕಾಂ. ಓದುವ ಆಸೆ.

"ನಮ್ಮಪ್ಪ ಕಳಸಂಗಿಲ್ರಿ ಸರ. ಆ ಮಾತ ಎತ್ತೋದ ಬಿಟ್ಟಬಿಟ್ಟಾನ," ಎಂದು ಒಂದು ದಿನ ಹೇಳಿದಳು. ಹೇಳುವಾಗ ಕಣ್ಣು ತುಂಬಿದ್ದವು.

ನನಗೆ ಸಿಟ್ಟು ಬೇಗ ಬರುತ್ತದೆ, ಕರುಳು ಕರಗುವುದೂ ಅಷ್ಟೇ ಬೇಗ. ಒಂದು ಉಪಾಯ ಹೂಡಿದೆ. ಕೊನೆಯ ದಿನಕ್ಕೆ ಗಂಗಯ್ಯನವರನ್ನು ಕರೆಸುವುದು. ಮಗಳು ಪರದೇಶದವರ ಎದುರು ಬೆಲ್ಲದ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡುವುದನ್ನು ಅವರು ನೋಡಬೇಕು. ಎದೆ ಉಬ್ಬಿದ ಹೊತ್ತಿಗೆ ಧಾರವಾಡದ ಮಾತು ತೆಗೆಯಬೇಕು.

ಈ ಉಪಾಯ ಕೆಟ್ಟದ್ದು ಒಂದೇ ನಿಮಿಷದಲ್ಲಿ. ಆ ಕಡೆಯ ತಂಡಕ್ಕೆ ಮುಖ್ಯಸ್ಥೆ ಹೆಲ್ಮಿ ಎಂಬ ಹುಡುಗಿ. ಕೆಲಸಕ್ಕೆ ಕೂತರೆ ಆಚೀಚೆ ನೋಡುವವಳಲ್ಲ. ಒಂದು ಮಧ್ಯಾಹ್ನ ಪರದೆಯ ಮೇಲೆ ಬಂದು, "ಕೊನೆಯ ದಿನ ಮಾತಾಡುವವರು ಯಾರು? ನಾಗರತ್ನಾ, ನಿನಗೇ ಹೆಚ್ಚು ಗೊತ್ತು. ಮಾಡುತ್ತೀಯಾ?" ಎಂದು ಕೇಳಿದಳು.

ನಾಗರತ್ನಾ ತಲೆ ತಗ್ಗಿಸಿ, ನಾಚಿ, "ಬೇಡ ಬೇಡ, ಬೇರೆ ಯಾರಾದರೂ ಮಾಡಲಿ," ಎಂದು ಇಂಗ್ಲಿಷಿನಲ್ಲಿ ಅಂದಳು.

"ಸರಿ. ಸಚಿನ್?"

"ಯೆಸ್. ಓಕೆ. ಥ್ಯಾಂಕ್ಯೂ."

ನಾನು ಬಾಯಿ ತೆರೆಯುವಷ್ಟರಲ್ಲಿ ಹೆಲ್ಮಿ ಅದನ್ನು ಟೈಪು ಮಾಡಿ ಮುಂದಿನ ವಿಷಯಕ್ಕೆ ಹೋಗಿಯಾಗಿತ್ತು. ಕರೆ ಮುಗಿದ ಮೇಲೆ ನಾಗರತ್ನಾ ಅಳತೊಡಗಿದಳು.

"ಅಕಿ ಮತ್ತೊಮ್ಮಿ ಕೇಳಲೇ ಇಲ್ಲಲ್ರಿ ಸರ!"

"ಬೇಕಿದ್ರ ಬೇಕು ಅನ್ನಾಕ ಏನಾಗಿತ್ತು ನಿನಗ?"

"ಮೊದಲನೇ ಸಲಕ್ಕ ಹಂಗ ಹೆಂಗ ಅನ್ನೋದ್ರಿ? ನಮ್ಮ ಆಯಿಗೆ ಗೊತ್ತಾದ್ರ ನಾಲಿಗಿ ಕತ್ತರಸ್ತಾಳ."

ಆಯಿ ಎಂದರೆ ಅವಳಜ್ಜಿ ಸೋಮವ್ವ. ಮಂದಿಯ ಮನೆಯಲ್ಲಿ ತಾಟು ಮುಂದೆ ಬಂದಾಗ ಮೊಮ್ಮಗಳು ಎಷ್ಟು ಸಲ ಬೇಡ ಅಂದಳು ಎಂದು ಮನೆಗೆ ಬಂದು ವಿಚಾರಣೆ ಮಾಡುವ ಹೆಂಗಸು. ಇಂಥ ತಾಲೀಮಿನ ಮುಂದೆ ನನ್ನ ಸಿಲೆಬಸ್ ಯಾವ ಲೆಕ್ಕ?

ನಾನು ಎರಡು ಕೆಲಸ ಮಾಡಿದೆ. ಹೆಲ್ಮಿಗೆ ಮೇಲ್ ಕಳಿಸಿ, ನಮ್ಮವರನ್ನು ಮೂರು ಸಲ ಕೇಳಬೇಕಮ್ಮಾ, ಮೊದಲ ಬೇಡ ಬರೀ ಮರ್ಯಾದೆಯ ಬೇಡ ಎಂದು ವಿವರಿಸಿದೆ. ಪಾಪ, ತಿಳಿಯದೆ ತಪ್ಪಾಯಿತು, ಇನ್ನು ಮೇಲೆ ಇದು ತಂಡದ ನಿಯಮ ಎಂದು ಅವಳು ಉತ್ತರ ಕೊಟ್ಟಳು. ಮಾತಾಡುವ ಕೆಲಸವನ್ನು ಸಚಿನನೂ ನಾಗರತ್ನಾಳಿಗೆ ಬಿಟ್ಟುಕೊಟ್ಟ. ಅವನಿಗೂ ಮೂರು ಸಲವೇ ಹೇಳಬೇಕಾಯಿತು.

ಎರಡನೆಯದು, ಹುಡುಗರಿಗೆ ತರಬೇತಿ. ಕ್ಯಾಂಟೀನಿನಿಂದ ಒಂದು ತಾಟು ಬಿಸಿ ಮಿರ್ಚಿ ಭಜಿ ತರಿಸಿ ಮೇಜಿನ ಮೇಲಿಟ್ಟೆ.

"ಒಂದ ಸಲ ಕೇಳತೇನಿ. ಹೂಂ ಅಂದವರಿಗೆ ಭಜಿ. ಬ್ಯಾಡ ಅಂದವರಿಗೆ ಇಲ್ಲ. ನಾಗರತ್ನಾ, ಭಜಿ ಬೇಕೇನು?"

"ಬ್ಯಾಡ್ರಿ ಸರ."

"ಸಚಿನ?"

ಫಿನ್‌ಲ್ಯಾಂಡಿನವರಿಗೆ ಯೆಸ್ ಅಂದ ಧೀರ ಭಜಿಯ ಎದುರು ಕರಗಿಹೋದ. "ನೀವ ತಗೋರಿ ಸರ."

ಇಡೀ ವರ್ಗ ಹೀಗೇ. ಎಲ್ಲರ ಕಣ್ಣು ತಾಟಿನ ಮೇಲೆ, ಎಲ್ಲರ ಬಾಯಲ್ಲಿ ಬ್ಯಾಡ್ರಿ. ಸಿಟ್ಟಿನಲ್ಲಿ ಅಷ್ಟೂ ಭಜಿಯನ್ನು ನಾನೇ ತಿಂದೆ. ರಾತ್ರಿಯೆಲ್ಲ ಹೊಟ್ಟೆ ಉರಿಯಿತು. ಆದರೂ ಬಿಡಲಿಲ್ಲ, ದಿನವೂ ತಾಟು ತರಿಸಿದೆ. ಕಡೆಗೊಂದು ದಿನ ನಾಗರತ್ನಾ ಕಣ್ಣು ಮುಚ್ಚಿ, "ಬೇಕ್ರಿ!" ಎಂದು ಕೂಗಿದಳು. ಕಾಲೇಜಿನ ಸಿಪಾಯಿ ಗಾಬರಿಯಾಗಿ ಬಾಗಿಲಲ್ಲಿ ಇಣುಕಿದ. ಅವಳು ಕದ್ದ ಮಾಲಿನ ಹಾಗೆ ಆ ಭಜಿಯನ್ನು ಓಡ್ನಿಯ ಮರೆಯಲ್ಲಿ ತಿಂದಳು. ನನಗಂತೂ ಅವತ್ತು ಹಬ್ಬ.

ಕೊನೆಯ ದಿನ ಗಂಗಯ್ಯನವರು ಯರಗಟ್ಟಿ ಬಸ್ಸಿಗೆ ಬಂದಿಳಿದರು. ಶುಭ್ರ ಧೋತರ, ತಲೆಗೆ ಟೋಪಿ, ಕೈಯಲ್ಲೊಂದು ಸ್ಟೀಲಿನ ಡಬ್ಬಿ. ಕಂಪ್ಯೂಟರ್ ಕೋಣೆಯಲ್ಲಿ ನನ್ನ ಪಕ್ಕ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಪರದೆಯ ಮೇಲೆ ಹೆಲ್ಮಿ, ಅವಳ ಹಿಂದೆ ಅವಳ ತಂಡ.

"ನಾಗರತ್ನಾ, ಇವತ್ತು ನಮ್ಮೆಲ್ಲರ ಪರವಾಗಿ ಮಾತಾಡುತ್ತೀಯಾ?"

"ಹೌದು!" ಎಂದಳು ನಾಗರತ್ನಾ, ಮೊದಲ ಸಲಕ್ಕೇ. ಭಜಿ ಸಾರ್ಥಕವಾಯಿತು ಎಂದುಕೊಂಡೆ.

ಆದರೆ ಹೆಲ್ಮಿ ನಿಯಮದವಳು. "ಇಲ್ಲ, ನಿಜವಾಗಿಯೂ ನೀನೇ ಮಾತಾಡಬೇಕು," ಎಂದಳು.

"ಹೌದು, ಮಾತಾಡುತ್ತೇನೆ."

"ದಯವಿಟ್ಟು! ನಾವೆಲ್ಲ ಒತ್ತಾಯ ಮಾಡುತ್ತೇವೆ!" ಹಿಂದಿದ್ದವರೂ ದನಿಗೂಡಿಸಿದರು.

"ಹೌದು, ಹೌದು!" ಹುಡುಗಿ ಕಂಗಾಲಾದಳು.

ಗಂಗಯ್ಯನವರು ನನ್ನ ಕಿವಿಯಲ್ಲಿ, "ಯಾಕ್ರಿ ಸರ, ಅಷ್ಟ ಬೇಡಿಕೊಳ್ಳಾಕ ಹತ್ಯಾರ? ನಮ್ಮ ಹುಡುಗಿ ಒಲ್ಲೆ ಅನ್ನಾಕ ಹತ್ಯಾಳೇನು?" ಎಂದು ಕೇಳಿದರು.

"ಇಲ್ರಿ, ಹೂಂ ಅನ್ನಾಕ ಹತ್ಯಾಳ."

"ಹೂಂ ಅಂದ ಮ್ಯಾಲೂ ಒತ್ತಾಯ ಮಾಡತಾರ?" ಅವರು ಪರದೆಯನ್ನು ಗೌರವದಿಂದ ನೋಡಿದರು. "ಭಾಳ ಸಂಸ್ಕಾರದ ಮಂದಿ ಬಿಡ್ರಿ."

ಆಮೇಲೆ ನಾಗರತ್ನಾ ಮಾತಾಡಿದಳು. ಆಲೆಮನೆಯಲ್ಲಿ ಕಬ್ಬಿನ ಹಾಲಿನ ಹೊಲಸು ತೆಗೆಯಲು ಬೆಂಡೆ ಗಿಡದ ರಸ ಹಾಕುವುದನ್ನು ಹೇಳಿದಳು. ಕಪ್ಪು ಬೆಲ್ಲ ಕೆಟ್ಟದ್ದಲ್ಲ, ಹಳದಿ ಹೊಳೆಯುವುದನ್ನೇ ಅನುಮಾನದಿಂದ ನೋಡಬೇಕು ಎಂದಳು. ಅವರ ಚಹಾಕ್ಕೆ ಒಂದೊಂದು ಕಪ್ಪಿಗೆ ಒಂದೊಂದು ಸಣ್ಣ ಅಚ್ಚು ಮಾಡಿ ಮಾರೋಣ ಎಂದಳು. ಪ್ರಶ್ನೆ ಬಂದರೆ ಅಳುಕಲಿಲ್ಲ. ಆ ಕ್ಷಣದಲ್ಲಿ ಪ್ರಿನ್ಸಿಪಾಲರನ್ನೂ ಕ್ಷಮಿಸಿದೆ.

ಚಪ್ಪಾಳೆ ನಿಂತ ಕೂಡಲೇ ಕಬ್ಬಿಣ ಕಾದಿದೆ ಎಂದು ತಿಳಿದು, "ಗಂಗಯ್ಯನವರ, ಹುಡುಗೀನ ಧಾರವಾಡಕ್ಕ ಕಳಸರಿ, ಎಂ.ಕಾಂ. ಮಾಡಲಿ," ಎಂದೆ.

"ಬ್ಯಾಡ್ರಿ ಸರ."

ಇದು ಮರ್ಯಾದೆಯದು ಎಂದುಕೊಂಡೆ. "ಹಂಗಂದ್ರ ಹೆಂಗ್ರಿ? ಇಷ್ಟ ಶಾಣ್ಯಾ ಹುಡುಗಿ."

"ಬ್ಯಾಡ್ರಿ."

ಈ ಎರಡನೆಯ ಬೇಡ ತಣ್ಣಗಿತ್ತು. ನನ್ನ ಜೀವ ಹಾರಿತು. ಮೂರನೆಯ ಒತ್ತಾಯಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ನಾಗರತ್ನಾ ನಮ್ಮಿಬ್ಬರ ನಡುವೆ ಬಂದು ನಿಂತಳು.

"ಅಪ್ಪಾ, ನಾ ಹೋಗಬೇಕು. ನನಗ ಹೋಗೋ ಆಸೆ ಐತಿ."

ಪರದೆಯ ಮೇಲಿನವರು ಮುಂದಕ್ಕೆ ಬಾಗಿ ನೋಡಿದರು.

"ಮತ್ತ ಇದನ್ನ ದೀಪಾವಳ್ಯಾಗ ಯಾಕ ಹೇಳಲಿಲ್ಲವ್ವಾ?" ಎಂದರು ಗಂಗಯ್ಯನವರು. "ಧಾರವಾಡಕ್ಕ ಹೋಗತಿಯೇನು ಅಂತ ನಾನ ಕೇಳಿದ್ನಿಲ್ಲ? ಬ್ಯಾಡಪ್ಪಾ ಅಂದಿ. ಮತ್ತೊಮ್ಮಿ ಕೇಳಿದ್ರೂ ಬ್ಯಾಡ ಅಂದಿ. ನಿನಗ ಬ್ಯಾಡಾಗೇತಿ ಅಂತ ಈಗ ಸರಗೂ ಬ್ಯಾಡ ಅಂದೆ."

"ನೀ ಮೂರನೇ ಸಲ ಕೇಳತಿ ಅಂತ ಕಾದೆ, ಅಪ್ಪಾ."

"ಮೂರನೇ ಸಲ ಕೇಳಿದ್ರ, ಅಪ್ಪ ನನ್ನ ಮನಿ ಬಿಡಸಾಕ ಹತ್ಯಾನ ಅಂತ ತಿಳಕೊಂತಿ ಅಂತ ಸುಮ್ಮನಾದೆ." ಅವರು ಟೋಪಿ ತೆಗೆದು ಅದರಿಂದಲೇ ಕಣ್ಣೊರೆಸಿಕೊಂಡರು. "ಹೋಗವ್ವಾ. ಹೋಗಿ ಓದು."

ದೀಪಾವಳಿಯಿಂದ ಒಂದೇ ಮನೆಯಲ್ಲಿ, ಒಂದೇ ಅಡುಗೆ ಉಂಡುಕೊಂಡು, ಒಬ್ಬರಿಗೊಬ್ಬರು ಹೀಗೆ ಮರ್ಯಾದೆ ಮಾಡುತ್ತ ಕೂತಿದ್ದರು. ನಾನು ಸುಮ್ಮನೆ ಫಿನ್‌ಲ್ಯಾಂಡಿನವರಿಗೆ ಪಾಠ ಹೇಳಿದ್ದೆ.

ಏನಾಯಿತು ಎಂದು ಹೆಲ್ಮಿ ಪರದೆಯೊಳಗಿಂದ ಕೇಳಿದಳು. ಸಚಿನ ಮೈಕಿನ ಮುಂದೆ ಬಾಗಿದ.

"ಫಾದರ್ ಆಸ್ಕ್ ಒನ್, ಟೂ. ನೋ ತ್ರೀ. ನೌ ಓಕೆ. ಥ್ಯಾಂಕ್ಯೂ."

ಹೆಲ್ಮಿಗೆ ಪೂರ್ತಿ ಅರ್ಥವಾಯಿತು. ಎದ್ದು ನಿಂತು ಚಪ್ಪಾಳೆ ತಟ್ಟಿದಳು.

ಗಂಗಯ್ಯನವರು ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದರು. ಶೇಂಗಾ ಹೋಳಿಗೆ. ಗಡಿಬಿಡಿಯಲ್ಲಿ ನಾನು ಮಧ್ಯಾಹ್ನದ ಊಟವನ್ನೂ ಮಾಡಿರಲಿಲ್ಲ. ತುಪ್ಪದ ವಾಸನೆಗೆ ಹೊಟ್ಟೆ ಸದ್ದು ಮಾಡಿತು.

"ತಗೋರಿ ಸರ."

"ಬ್ಯಾಡ್ರಿ," ಎಂದಿತು ನನ್ನ ಬಾಯಿ, ನನ್ನನ್ನು ಕೇಳದೆ.

ಗಂಗಯ್ಯನವರು ಒಮ್ಮೆ ಮಗಳನ್ನು ನೋಡಿದರು, ಒಮ್ಮೆ ಪರದೆಯ ಕಡೆ ನೋಡಿದರು.

"ಆತ ಬಿಡ್ರಿ. ಇನ್ನ ಮ್ಯಾಲ ನಮ್ಮದೂ ಒಂದ ಸಲದ್ದ ಮಾತು," ಎಂದು ಮುಚ್ಚಳ ಒತ್ತಿ ಹಾಕಿದರು.

ಯರಗಟ್ಟಿ ಬಸ್ಸಿಗೆ ಹೊತ್ತಾಗಿತ್ತು. ಅಪ್ಪ, ಮಗಳು, ಡಬ್ಬಿ ಮೂವರೂ ಹೊರಟುಹೋದರು.