ಇಪ್ಪತ್ತೇಳು ಡಿಗ್ರಿ ನೀರು

ಹಿಮ್ಮಡಿಗೆ ತಾಕಿದ ನೀರು ಇಷ್ಟು ತಣ್ಣಗಿರುತ್ತದೆ ಅಂದುಕೊಂಡಿರಲಿಲ್ಲ, ಬೆರಳುಗಳು ತಾವಾಗಿಯೇ ಮುದುಡಿದವು, ಬಂಡೆಯ ಮೇಲೆ ಪಾಚಿ, ಜಾರುತ್ತದೆ, ಇನ್ನೊಂದು ಹೆಜ್ಜೆ ಇಟ್ಟರೆ ಮೊಣಕಾಲು — ಮುಂದ ಬರ್ರಿ ಸರ್, ಅಂಜಬ್ಯಾಡ್ರಿ, ಇಲ್ಲಿ ಎದಿಮಟ ಅಷ್ಟ ಅದಾವ ನೀರು, ಎನ್ನುತ್ತಾನೆ ಅಂಬರೇಶ, ನಮ್ಮ ಕಾಲೇಜಿನ ದೈಹಿಕ ಶಿಕ್ಷಕ, ಈ ಗೂಗಲ್ ಎಂಬ ಊರಿನಲ್ಲೇ ಹುಟ್ಟಿ ಇದೇ ಕೃಷ್ಣೆಯಲ್ಲಿ ಈಜು ಕಲಿತವನು, ಅವನ ಪಕ್ಕದಲ್ಲಿ ನನ್ನ ಮಗಳು ವೇದಶ್ರೀ, ಮೊನ್ನೆ ತಾನೇ ಹನ್ನೊಂದು ತುಂಬಿದವಳು, ಉಸಿರಾಡುವ ಕೊಳವೆಯಿರುವ ಹೊಸ ಈಜು ಮಾಸ್ಕನ್ನು ಹಣೆಗೇರಿಸಿಕೊಂಡು ನನ್ನನ್ನು ನೋಡಿ ನಗುತ್ತಿದ್ದಾಳೆ, ನಗಲಿ, ಅವಳಿಗೇನು ಗೊತ್ತು. ಮುಂದಿನ ವಾರ ಅಂಡಮಾನ್. ರಾಯಚೂರಿನ ಮನೆಯಲ್ಲಿ ಊಟದ ಹೊತ್ತಿಗೆ ಹೆಂಡತಿ ಪೂರ್ಣಶ್ರೀ ಫೋನು ನೋಡುತ್ತ ಓದಿದ್ದಳು, ಕೇಳ್ರಿ ಇಲ್ಲಿ, ಜನವರಿಯಾಗ ಅಲ್ಲಿ ಸಮುದ್ರದ ನೀರು ಇಪ್ಪತ್ತೇಳು ಡಿಗ್ರಿ ಇರ್ತದಂತ, ಮುಖ ನೀರಾಗ ಇಟ್ಟು ಹವಳ, ಮೀನ ನೋಡ್ಲಿಕ್ಕೆ ಇದ ಛಲೋ ಕಾಲ ಅಂತ, ನಾ ದಂಡಿಮ್ಯಾಲೆ ಕೂಡ್ತೀನಿ, ನೀವು ಇಕಿನ್ನ ಕರಕೊಂಡು ಇಳೀರಿ. ಅಪ್ಪ ನನ್ನ ಸಂಗಟ ಇಳೀಬೇಕು, ಬ್ಯಾರೆ ಯಾರೂ ಬ್ಯಾಡ — ಇದು ವೇದಾ. ನಾನು ಹೂಂ ಅಂದೆ. ಅಂದಿನಿಂದ ದಿನಕ್ಕೆ ಎಷ್ಟು ಸಲ ನೋಡಿದೆನೋ ಆ ಸಮುದ್ರದ ಉಷ್ಣಾಂಶವನ್ನು, ಬೆಳಿಗ್ಗೆ ಇಪ್ಪತ್ತೇಳು, ಸಂಜೆ ಇಪ್ಪತ್ತೇಳು, ರಾಯಚೂರಿನ ಜನಕ್ಕೆ ಅದು ಸೆಕೆಯೂ ಅಲ್ಲ ಚಳಿಯೂ ಅಲ್ಲ, ಹೊರಗಿನ ಗಾಳಿ ಅಷ್ಟಿದ್ದರೆ ಹಿತ, ಆದರೆ ನೀರು? ರಸಾಯನಶಾಸ್ತ್ರ ಕಲಿಸುವವನಿಗೆ ಇಷ್ಟೂ ತಿಳಿಯದೇ, ಕಾಲೇಜಿನ ಥರ್ಮಾಮೀಟರ್ ಮನೆಗೆ ತಂದು, ಬಚ್ಚಲಲ್ಲಿ ಬಿಸಿನೀರಿಗೆ ತಣ್ಣೀರು ಬೆರೆಸಿ ಬೆರೆಸಿ ಸರಿಯಾಗಿ ಇಪ್ಪತ್ತೇಳಕ್ಕೆ ನಿಲ್ಲಿಸಿ ಮೊಣಕೈವರೆಗೆ ಅದ್ದಿದೆ, ತಣ್ಣಗಿತ್ತು, ಮೈ ಮೂವತ್ತೇಳು, ನೀರು ಇಪ್ಪತ್ತೇಳು, ನಡುವಿನ ಹತ್ತನ್ನು ಅದು ನನ್ನಿಂದ ಎಳೆದುಕೊಳ್ಳುತ್ತಿತ್ತು, ಒಂದು ತಂಬಿಗೆ ಎದೆಗೆ ಸುರುವಿಕೊಂಡೆ, ಉಸಿರು ಗಕ್ಕನೆ ನಿಂತಿತು — ಏನ್ ಮಾಡ್ಲಿಕತ್ತೀರಿ ಒಳಗ ಇಷ್ಟೊತ್ತು, ಬಾಗಿಲಾಚೆಯಿಂದ ಪೂರ್ಣಶ್ರೀ — ಏನಿಲ್ಲ, ಬಂದೆ.

ಏನಿಲ್ಲ ಅನ್ನುವುದು ನನಗೆ ರೂಢಿ, ಅಪ್ಪ ಹೇಗೆ ತೀರಿಕೊಂಡರು ಅಂತ ಮದುವೆಯ ಹೊಸತರಲ್ಲಿ ಪೂರ್ಣಶ್ರೀ ಕೇಳಿದಾಗಲೂ ಹಾರ್ಟು ಅಂದಷ್ಟೇ ಹೇಳಿದ್ದೆ, ಸುಳ್ಳಲ್ಲ, ಮಾನ್ವಿಯ ಡಾಕ್ಟರೂ ಹಾಗೆಯೇ ಹೇಳಿದರು, ತಣ್ಣೀರಿನ ಧಕ್ಕೆಗೆ ಉಸಿರು ಕಟ್ಟಿ ಹೃದಯ ನಿಂತಿದೆ, ಮುಳುಗಿ ಸತ್ತಿದ್ದಲ್ಲ. ಮುಳುಗುವುದೆಲ್ಲಿ ಬಂತು, ಚೀಕಲಪರ್ವಿಯ ತುಂಗಭದ್ರೆಯನ್ನು ಈ ದಡದಿಂದ ಆ ದಡಕ್ಕೆ ಈಜಿ ಬರುತ್ತಿದ್ದವರು ಅಪ್ಪ, ಜಗನ್ನಾಥಾಚಾರ್ಯರು, ಪುಷ್ಯಮಾಸದ ಚಳಿ, ನೀರ ಮೇಲೆ ಇನ್ನೂ ಮಂಜು, ಅಕ್ಷು, ಪಂಚಿ ಹಿಡಿ, ಅಂತ ದಡದಲ್ಲಿ ನಿಂತಿದ್ದ ಪುಟ್ಟ ಹುಡುಗ ನನಗೆ ಹೇಳಿ ಒಂದೇ ನೆಗೆತಕ್ಕೆ ಹಾರಿದರು, ಮೇಲೆ ಬಂದರು, ಬಾಯಿ ತೆರೆದರು. ತೆರೆದ ಬಾಯಿಯೊಳಗೆ ಗಾಳಿ ಹೋಗಲಿಲ್ಲ, ಹೊರಗೆ ದನಿ ಬರಲಿಲ್ಲ, ನನ್ನ ಕಡೆ ನೋಡಿದರು, ಆಟವಾಡುತ್ತಿದ್ದಾರೆಂದು ನಾನು ನಕ್ಕೆ, ಕೈಯಲ್ಲಿ ಅವರ ಒಣ ಪಂಚೆ. ಆಮೇಲೆ ಅವ್ವ, ಅನಸೂಯಾಬಾಯಿ, ನನ್ನನ್ನು ಬಾವಿಯ ಕಟ್ಟೆಗೂ ಬಿಡಲಿಲ್ಲ, ಬೇಸಿಗೆಯಲ್ಲೂ ಬಿಸಿನೀರೇ, ಹೆಸರು ಮಾತ್ರ ಅಕ್ಷೋಭ್ಯ, ಕದಡದವನು, ಅಪ್ಪನೇ ಇಟ್ಟದ್ದು. ಅಂದು ತುಂಗಭದ್ರೆ ಎಷ್ಟು ಡಿಗ್ರಿ ಇತ್ತೋ ಯಾರೂ ಅಳೆದಿಲ್ಲ. ಇಂದು ಕೃಷ್ಣೆಯನ್ನು ನಾನು ಅಳೆದಿದ್ದೇನೆ, ಇಪ್ಪತ್ತೆರಡು, ಇದನ್ನು ತಡೆದುಕೊಂಡರೆ ಇಪ್ಪತ್ತೇಳು ಯಾವ ಲೆಕ್ಕ, ತಡೆಯಲಾಗದಿದ್ದರೆ ರಜೆ ಸಿಗಲಿಲ್ಲ ಅಂದುಬಿಡುವುದು, ಇದೇ ನನ್ನ ಲೆಕ್ಕಾಚಾರ, ಅದಕ್ಕೇ ಭಾನುವಾರ ದೇವದುರ್ಗದ ದಾರಿ ಹಿಡಿದು ಬಂದದ್ದು, ವೇದಾ ಹಟ ಹಿಡಿದು ಕಾರು ಹತ್ತಿದ್ದು ಮಾತ್ರ ಲೆಕ್ಕದಲ್ಲಿರಲಿಲ್ಲ. ಹೊಳಿಗೇನ್ ಜ್ವರ ಬಂದಾವೇನ್ರಿ ಸರ್, ಅಂತ ಥರ್ಮಾಮೀಟರ್ ನೋಡಿ ಅಂಬರೇಶ ನಕ್ಕ. ಮೊಸಳೆ? ಅಂದೆ. ಈ ಬಂಡೆಗಳ ನಡುವ ಬರಂಗಿಲ್ರಿ, ಊರ ಮಂದಿ ದಿನಾ ಇಲ್ಲೇ ಅರಿಬಿ ಒಗಿತಾರ.

ಮೊಣಕಾಲು. ನಿಂತಿದ್ದೇನೆ. ನೀವು ಅಲ್ಲೇ ಇರ್ರಿ ಸರ್, ದಂಡಿಗೆ ಟ್ಯೂಬ್ ಇಟ್ಟು ಬಂದೀನಿ, ತರ್ತೀನಿ, ಅಂತ ಅಂಬರೇಶ ನನ್ನನ್ನು ದಾಟಿ ದಡ ಹತ್ತಿದ, ನಾನು ಬಗ್ಗಿ ಥರ್ಮಾಮೀಟರನ್ನು ಇನ್ನೊಮ್ಮೆ ಅದ್ದಿದೆ, ಪಾದರಸದ ಗೆರೆ ಬಿಸಿಲಿಗೆ ಮಿಂಚಿ ಕಾಣಲೊಲ್ಲದು, ಓರೆ ಮಾಡಿ ನೋಡಿದೆ, ಇಪ್ಪತ್ತೆರಡೇ, ತಲೆ ಎತ್ತಿದರೆ — ಬೆನ್ನು. ಹಳದಿ ಅಂಗಿಯ ಬೆನ್ನು, ಗಾಳಿ ಹೊಕ್ಕು ಉಬ್ಬಿದ ಅಂಗಿ, ಸುತ್ತಲೂ ಹರಡಿದ ಕೂದಲು, ಮುಖವಿಲ್ಲ. ಗೊತ್ತು, ಹೀಗೇ ಮಲಗಬೇಕು, ಮುಖ ಕೆಳಗೆ, ಕೊಳವೆಯಲ್ಲಿ ಉಸಿರು, ಅದನ್ನೇ ಕಲಿಯಲು ಬಂದವಳು, ಆದರೆ ಕೊಳವೆ ಎಲ್ಲಿ, ಕೂದಲಿನಡಿ ಇರಬಹುದು, ಇರಬೇಕು, ಕೈಗಳು ಯಾಕೆ ಆಡುತ್ತಿಲ್ಲ, ವೇದಾ, ಕೇಳಿಸದು, ಕಿವಿ ನೀರಲ್ಲಿದೆ, ವೇದಾ, ಮೆಲ್ಲಗೆ ತೇಲಿ ಸರಿಯುತ್ತಿದೆ ಬೆನ್ನು, ಅಂಬರೇಶ ಅಂತ ಕೂಗಬೇಕು, ದನಿ ಹೊರಡಲಿಲ್ಲ, ಯಾವಾಗ ತೊಡೆ, ಯಾವಾಗ ಸೊಂಟ, ಎದೆಗೆ ನೀರು ಬಡಿದು ಉಸಿರು ಕಟ್ಟಿತು, ಬಾಯಿ ತೆರೆದೆ, ಒಳಗೆ ಏನೂ ಬರಲಿಲ್ಲ, ಹೀಗೇನಾ ಅಪ್ಪಾ, ಹೀಗೇ ಆಯಿತೇ ನಿಮಗೆ, ಕಾಲಡಿಯ ಬಂಡೆ ತಪ್ಪಿತು, ಮತ್ತೆ ಸಿಕ್ಕಿತು, ಅಂಗಿ ಕೈಗೆ ಬಂತು, ಎಳೆದೆ, ಎತ್ತಿದೆ — ಅಪ್ಪಾ, ಯಾಕ ಜಗ್ಗಿದಿ, ಏಡಿ ಕಾಣ್ಲಿಕತ್ತಿತ್ತು, ಇಷ್ಟು ದೊಡ್ಡದು.

ಏಡಿ. ಕೆನ್ನೆಯ ಮೇಲೆ ಮಾಸ್ಕಿನ ಗೆರೆ, ಬಿಸಿ ಉಸಿರು ನನ್ನ ಮುಖಕ್ಕೆ ತಾಕುತ್ತಿದೆ. ಅಯ್ಯ, ನೀ ಎದಿಮಟ ಇಳಿದೀಯಲ್ಲ ಅಪ್ಪಾ. ದಡದಿಂದ ಅಂಬರೇಶ, ಶಾಬಾಸ್ ಸರ್, ಟ್ಯೂಬೂ ಬೇಕಾಗಲಿಲ್ಲ ನೋಡ್ರಿ. ಗಾಳಿ ಈಗ ತುಣುಕು ತುಣುಕಾಗಿ ಒಳಗೆ ಬರುತ್ತಿದೆ, ಹೃದಯ ನಿಂತಿಲ್ಲ, ಥರ್ಮಾಮೀಟರ್ ಎಲ್ಲಿ ಬಿತ್ತೋ, ಬಿದ್ದಿರಲಿ, ಚಳಿ ನನ್ನನ್ನು ಕೊಲ್ಲಲಿಲ್ಲ, ಇಷ್ಟು ವರ್ಷ ಹೆದರಿದ್ದು ಇದಕ್ಕೇನಾ, ಖುಷಿಯಾಗಬೇಕಲ್ಲವೇ, ಅವಳ ಕೈಯನ್ನು ಯಾಕೆ ಇನ್ನೂ ಬಿಟ್ಟಿಲ್ಲ, ಮುಂದಿನ ವಾರ ಆ ಸಮುದ್ರ, ತಿಳಿನೀರು, ಹಿತವಾದ ಇಪ್ಪತ್ತೇಳು, ಬೆಚ್ಚಗಿದ್ದರೇನು, ಅಲ್ಲಿಯೂ ಇವಳು ಹೀಗೇ ಮಲಗುತ್ತಾಳೆ, ಎಲ್ಲರೂ ಹೀಗೇ ಮಲಗಿರುತ್ತಾರೆ, ಅಷ್ಟೂ ಬೆನ್ನುಗಳ ನಡುವೆ ಯಾವುದು ಉಸಿರಾಡುತ್ತಿದೆ ಅಂತ ನಾನು ಯಾವ ಅಳತೆಯಿಂದ ತಿಳಿಯಲಿ, ರಜೆ ಇಲ್ಲ ಅನ್ನಲಾರೆ ಇನ್ನು, ಎದಿಮಟ ಇಳಿದವನು ನಾನು — ಅಪ್ಪಾ, ಇನ್ನೊಮ್ಮೆ ಹೋಗ್ಲಾ, ಏಡಿ ಅಲ್ಲೇ ಅದ. ಹೋಗಬೇಡ ಅನ್ನಲು ಬಾಯಿ ತೆರೆದೆ, ಹೂಂ ಅಂದೆ. ಮಾಸ್ಕು ಇಳಿಯಿತು, ಕೊಳವೆ ಬಾಯಿಗೆ ಹೋಯಿತು, ಒದ್ದೆ ಬೆರಳುಗಳು ನನ್ನ ಬೆರಳುಗಳಿಂದ ಒಂದೊಂದಾಗಿ ಬಿಡಿಸಿಕೊಂಡವು, ಮತ್ತೆ ಹಳದಿ ಅಂಗಿ, ಗಾಳಿ ಹೊಕ್ಕು ಉಬ್ಬಿತು, ಕೂದಲು ಬಿಚ್ಚಿ ಹರಡಿತು, ಬೆನ್ನು, ಅಲುಗುತ್ತಿದೆಯೋ, ನೀರು ಅಲುಗಿಸುತ್ತಿದೆಯೋ, ಬೆನ್ನು, ಹಳದಿ ಬೆನ್ನು