ಹಿತ್ತಲ ಬಾಗಿಲು

ಮಗಳಿಗೆ ಮನೆಗೆಲಸ ಕಲಿಸಿದವಳು ಚಲುವಮ್ಮನೇ. ಅದನ್ನು ಬೇರೆ ಯಾರ ತಲೆಗೂ ಕಟ್ಟುವ ಹಾಗಿರಲಿಲ್ಲ.

ತನುಶ್ರೀಗೆ ಐದು ತುಂಬುವ ಮೊದಲೇ ಶುರುವಾಗಿತ್ತು. ಅವರೆಕಾಳು ಆರಿಸುವುದು, ಲೋಟ ಜೋಡಿಸುವುದು, ಆಮೇಲೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆಯುವುದು. ಮಗು ಆಟವೆಂದುಕೊಂಡೇ ಮಾಡುತ್ತಿತ್ತು. ರಂಗೋಲಿ ಸೊಟ್ಟಗಿದ್ದರೂ ಬೀದಿಯವರೆಲ್ಲ ಬೆಳೆಯುವ ಸಿರಿ ಮೊಳಕೆಯಲ್ಲಿ ಅಂದರು. ಚಲುವಮ್ಮ ಹಿಗ್ಗಿದಳು. ಹೊಗಳಿಕೆಗೆ ಹಿಗ್ಗದ ತಾಯಿ ಪಾಂಡವಪುರದ ಸುತ್ತಮುತ್ತ ಇನ್ನೂ ಹುಟ್ಟಿಲ್ಲ ಬಿಡಿ.

ಅತ್ತೆ ಅಣ್ಣಮ್ಮ ಬರೀ ಹೊಗಳಿ ಸುಮ್ಮನಾಗುವ ಹೆಂಗಸಲ್ಲ. ಸೊಸೆ ಮುಟ್ಟಾಗಿ ಹಿತ್ತಲ ಕೊಟ್ಟಿಗೆಯ ಪಕ್ಕ ಚಾಪೆ ಹಾಸಿ ಕೂತ ಮೂರು ದಿನ, ಒಲೆ ಮುಂದೆ ಗೊಣಗುತ್ತಾ ಬೇಯಬೇಕಾಗಿದ್ದವಳು ಆಕೆ. ಆ ಗೊಣಗಾಟ ಕೇಳುವುದೇ ಚಲುವಮ್ಮನಿಗೊಂದು ಸಣ್ಣ ಸುಖವಾಗಿತ್ತು. ಮೊಮ್ಮಗಳ ಕೈ ಚುರುಕಾದ ಮೇಲೆ ಗೊಣಗಾಟ ನಿಂತಿತು.

ಚಲುವಮ್ಮ ಮತ್ತೆ ಚಾಪೆ ಹಿಡಿದಿದ್ದ ಒಂದು ಭಾನುವಾರ ಅಣ್ಣಮ್ಮ ಮಾಕವಳ್ಳಿಯ ತಂಗಿ ಮನೆಗೆ ಹೊರಟು ನಿಂತಳು.

"ಅನ್ನ ಸಾರು ಮಾಡಿಟ್ಟಿವ್ನಿ. ಕುಮಾರ ಫ್ಯಾಕ್ಟ್ರಿಯಿಂದ ಬರೋ ಒತ್ಗೆ ತನು ಅಪ್ಪಂಗೆ ಸಾರು ಬಿಸಿ ಮಾಡಿ ಇಕ್ತದೆ. ನೀನು ಒಳೀಕೆ ಕಾಲಿಟ್ಗಿಟ್ಟೀಯ, ದೇವ್ರ ಗೂಡು ಅಲ್ಲೇ ಅದೆ."

"ಅತ್ತೆ, ಆರು ವರ್ಸದ ಮಗ. ಒಲೆ ಬ್ಯಾಡ. ಒಂದಿನ ತಣ್ಣಗೇ ಉಣ್ಲಿ ಬುಡಿ."

"ದುಡ್ದು ಬಂದ ಗಂಡ್ಸು ತಣ್ಣಗಿರೋದ ಉಣ್ತಾನಾ? ಕಲಿಸ್ದವ್ಳು ನೀನೆ ಅಲ್ವಾ."

ಚಲುವಮ್ಮ ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದಿದ್ದರೆ ಚಿಂತೆಯಿರಲಿಲ್ಲ, ಮಗುವನ್ನೂ ಎಳೆದುಕೊಂಡು ಬಿದ್ದಿದ್ದಳು.

ಗ್ಯಾಸಿಗೆ ಬರೆಸಿದ್ದರೂ ಸಿಲಿಂಡರ್ ಬಂದಿರಲಿಲ್ಲ, ಸೌದೆ ಒಲೆಯೇ ಗತಿ. ಚಾಪೆಯ ಮೇಲೆ ಕೂತವಳಿಗೆ ಹಿತ್ತಲ ಬಾಗಿಲಿನೊಳಗೆ ಒಲೆ ಕಾಣುತ್ತಿತ್ತು, ಕೈಗೆ ಎಟಕುತ್ತಿರಲಿಲ್ಲ.

"ಲಂಗ ಎತ್ತಿ ಸಿಕ್ಕುಸ್ಕೊ ಮಗ. ಸೌದೆ ಜಾಸ್ತಿ ತುಂಬಬ್ಯಾಡ."

"ಗೊತ್ತು ಕಣವ್ವ."

ತನು ಕೆನ್ನೆ ಉಬ್ಬಿಸಿ ಊದುಗೊಳವೆ ಊದಿದಳು. ಉರಿ ಹತ್ತಿತು. ನೋಡಿದೆಯಾ ಅನ್ನುವಂತೆ ಅವ್ವನ ಕಡೆ ತಿರುಗಿ ನಕ್ಕಳು. ಸೊಂಟಕ್ಕೆ ಸಿಕ್ಕಿಸಿದ್ದ ಲಂಗ ಆಗಲೇ ಜಾರಿ ಒಲೆ ಬಾಯಿಗೆ ಬಿದ್ದಿತ್ತು. ಅದರ ಅಂಚಿನಿಂದ ಹೊಗೆ ಏಳುವುದು ಕಂಡದ್ದು ಚಲುವಮ್ಮನಿಗೆ ಮಾತ್ರ.

"ತನು, ಲಂಗ," ಎಂದು ಕೂಗುತ್ತಾ ಎದ್ದು ಓಡಿದಳು.

ಮಗು ಲಂಗ ನೋಡಲಿಲ್ಲ. ಅವ್ವ ಬರುತ್ತಿರುವುದನ್ನು ನೋಡಿ ಎರಡೂ ಕೈ ಅಡ್ಡ ಹಿಡಿಯಿತು. "ಬರ್ಬ್ಯಾಡ ಕಣವ್ವ. ಅಜ್ಜಿ ಬಯ್ತದೆ."

ಚಲುವಮ್ಮನ ಕಾಲು ಹೊಸ್ತಿಲಲ್ಲಿ ನಿಂತಿತು. ಒಂದು ಉಸಿರಿನಷ್ಟು ಹೊತ್ತು, ಅಷ್ಟೇ. ಅದಕ್ಕಾಗಿ ಅವಳು ತನ್ನನ್ನು ತಾನು ಕೊನೆಗೂ ಕ್ಷಮಿಸಲಿಲ್ಲ. ಮರುಗಳಿಗೆಯಲ್ಲೇ ಒಳಕ್ಕೆ ನುಗ್ಗಿ, ಮಗುವನ್ನು ಬಾಚಿ ಎಳೆದು, ಉರಿಯುತ್ತಿದ್ದ ಅಂಚನ್ನು ಬರಿಗೈಯಲ್ಲಿ ಹೊಸಕಿದಳು. ಅಂಗೈ ಸುಟ್ಟಿತು. ಮಗುವಿನ ಕಾಲು ಕೆಂಪಾಗಿತ್ತು, ಬೊಬ್ಬೆ ಬಂದಿರಲಿಲ್ಲ.

ತನು ಅಳತೊಡಗಿದಳು. ಕಾಲು ನೋಡಿಕೊಂಡಲ್ಲ, ಅವ್ವ ನಿಂತಿದ್ದ ನೆಲ ನೋಡಿಕೊಂಡು.

"ಅಜ್ಜಿಗೆ ಏಳ್ಬ್ಯಾಡ ಮಗ," ಅಂದಳು ಚಲುವಮ್ಮ. ಅಂದಮೇಲೆ ನಾಚಿಕೆಯಾಯಿತು.

ಮಗು ಮೂಗು ಒರೆಸಿಕೊಂಡು ಅವಳ ತೆಕ್ಕೆಯಿಂದ ಜಾರಿ ಕೊಟ್ಟಿಗೆಗೆ ಓಡಿತು. ಚೊಂಬಿನಲ್ಲಿ ಗಂಜಲ ತಂದಿತು. ಇದನ್ನು ಯಾರೂ ಅದಕ್ಕೆ ಕಲಿಸಿರಲಿಲ್ಲ, ಅಜ್ಜಿ ಮಾಡುವುದನ್ನು ನೋಡಿಟ್ಟುಕೊಂಡಿತ್ತು. ದೇವರ ಗೂಡಿನ ಮುಂದಿನಿಂದ ಚಿಮುಕಿಸುತ್ತಾ ಒರೆಸುತ್ತಾ ಬಂತು.

"ಕಾಲ್ ತೆಗಿ ಅವ್ವ."

ಚಲುವಮ್ಮ ತೆಗೆದಳು.

"ಇನ್ನೊಸಿ ಇಂದಕ್ಕೋಗು."

ಹಿಂದೆ ಹಿಂದೆ ಸರಿದಳು. ಹಿಮ್ಮಡಿಗೆ ಹೊಸ್ತಿಲು ತಗುಲಿತು, ಅದನ್ನೂ ದಾಟಿದಳು. ನೆಲ ಒರೆಸುವುದನ್ನು ಅವಳು ಕಲಿಸಿದಂತೆಯೇ ಮಗು ಒಂದು ಮೂಲೆಯನ್ನೂ ಬಿಡದೆ ಒರೆಸಿ ಮುಗಿಸಿತು.

"ಸಾರು ತಣ್ಣಗೇ ಇರ್ಲಿ, ಒಲೆತಾವ ಓಗ್ಬ್ಯಾಡ. ನನ್ನಾಣೆ ಮಗ."

"ಅಪ್ಪ ಬರೋ ಒತ್ತಾಯ್ತು. ನೀನು ನೋಡ್ತಾ ಇದ್ರೆ ಮತ್ತೆ ಬಂದ್ಬುಡ್ತೀಯ."

ತನು ಬಾಗಿಲು ಎಳೆದುಕೊಂಡು ಕೆಳಗಿನ ಚಿಲಕ ಹಾಕಿದಳು. ಸುಟ್ಟ ಕೈಯಲ್ಲೇ ಚಲುವಮ್ಮ ಬಾಗಿಲು ಬಡಿದಳು. ಒಳಗಿನಿಂದ ಊದುಗೊಳವೆಯ ಸದ್ದು ಕೇಳಿಸಿತು.